ಇತರೆ

ಗುರುವಾರ ಮಧ್ಯಾಹ್ನ. ಬಿಸಿಯೂಟ ಮುಗಿಸಿ
ಅಂಗಿಗೆ ಕೈ ಒರೆಸಿಕೊಂಡ ಒಂಬತ್ತನೇ ಕ್ಲಾಸಿನ ಮುಂದೆ
ನನ್ನನ್ನು ನಿಲ್ಲಿಸಿದರು ಹೆಡ್ಮೇಷ್ಟ್ರು:
"ಇವರು ವೈಂಡಿಂಗ್ ಪುಟ್ಟಬಸವಣ್ಣ.
ಪಾಂಡವಪುರ ಸ್ಟೇಷನ್ ಹತ್ತಿರ ಅಂಗಡಿ.
ವೃತ್ತಿ ಪರಿಚಯ ಮಾಡಿಕೊಡುತ್ತಾರೆ."
ಇದೇ ಕೋಣೆ. ಕಿಟಕಿಯ ಅದೇ ಬಾಗಿದ ಸರಳು.
ಎರಡು ಸಲ ಗಣಿತದಲ್ಲಿ ಬಿದ್ದು
ಮೂರನೆಯ ಸಲ ಫೀಸೇ ಕಟ್ಟದೆ ಹೋದವನು ಎಂದು
ಅವರು ಹೇಳಲಿಲ್ಲ. ಗೊತ್ತಿತ್ತು;
ಆಗ ಗಣಿತಕ್ಕೆ ಬರುತ್ತಿದ್ದವರು ಅವರೇ.

ನನಗಿಂತ ಮುಂಚೆ ಬ್ಯಾಂಕಿನವರು ಮಾತಾಡಿದ್ದರು,
ಗೋಡೆಯ ಮೇಲೆ ಬಣ್ಣದ ಮೆಟ್ಟಿಲು ಮೂಡಿಸಿ.
ಒಂದು ಮೆಟ್ಟಿಲಿಗೂ ಎಣ್ಣೆ ಮೆತ್ತಿರಲಿಲ್ಲ.
ನಾನು ಗೋಣಿಚೀಲದಿಂದ ತೆಗೆದದ್ದು ಸುಟ್ಟ ಸ್ಟೇಟರ್.
ಮೇಜಿಗಿಟ್ಟೊಡನೆ ಮುಂದಿನ ಬೆಂಚು ಮೂಗು ಮುಚ್ಚಿತು.
"ಇದೇ ಮೊದಲ ಪಾಠ," ಅಂದೆ, "ಈ ವಾಸನೆ.
ಮೀಟರು ಆಮೇಲೆ ಹೇಳೋದನ್ನ
ಮೂಗು ಮೊದ್ಲೇ ಹೇಳ್ತದೆ."

ಮೂವತ್ತಾರು ಸ್ಲಾಟು, ಒಂದೊಂದಕ್ಕೂ ಕಾಗದದ ಹಾಸಿಗೆ,
ತಂತಿ ಮಲಗಿಸಿ ಮೇಲೆ ಬಿದಿರು ಸೀಳಿನ ಚಿಲಕ.
ಸುತ್ತು ನಲವತ್ತೆರಡು. ನಲವತ್ತೊಂದಾದರೂ
ಮೋಟರು ತಿರುಗುತ್ತದೆ, ಆದರೆ ಒಳಗೊಳಗೇ ಮುನಿದು
ಯಾವುದೋ ರಾತ್ರಿ, ಯಾರೂ ಇಲ್ಲದ ಗದ್ದೆ ಬದುವಲ್ಲಿ
ಉರಿದು ಹೋಗುತ್ತದೆ.

ಹಿಂದಿನಿಂದ ಒಬ್ಬ: "ಸಾ, ತಿಂಗ್ಳಿಗೆ ಎಷ್ಟ್ ಸಿಕ್ತದೆ?"
ಬ್ಯಾಂಕಿನವರನ್ನು ಕೇಳದ ಪ್ರಶ್ನೆ.
ನಿಜ ಹೇಳಿದೆ. ನಾಲೆ ತುಂಬಿ ಹರಿವಾಗ
ಅಂಗಡಿ ಬಾಗಿಲಲ್ಲಿ ನಾಯಿ ಮಲಗಿರ್ತದೆ.
ನಾಲೆ ನಿಂತು, ಊರಿನ ಬೋರೆಲ್ಲ ಒಟ್ಟಿಗೆ ಎದ್ದು
ಕರೆಂಟು ಸೊರಗಿತೋ, ಬರ್ತವೆ ಮೋಟರು,
ಟ್ರ್ಯಾಕ್ಟರಲ್ಲಿ, ಬೈಕಿನ ಹಿಂದೆ ಕೂತು, ದುಪ್ಪಟಿ ಹೊದ್ದು.
ನಿಮ್ಮ ಪೈರು ಬಾಡೋ ವಾರ
ನಮ್ಮನೇಲಿ ಬಾಡೂಟ.
ಕ್ಲಾಸು ನಕ್ಕಿತು. ನಗದೆ ಕೂತಿದ್ದ ಒಬ್ಬನನ್ನು ಕಂಡು
ಮುಂದಿನ ಮಾತು ನುಂಗಿಕೊಂಡೆ.

"ಯಾರು ಸುತ್ತೀರಿ?"
ಎದ್ದು ಬಂದವಳು ನಿಸರ್ಗ, ಮೂರನೇ ಬೆಂಚಿನವಳು.
ತಂತಿ ಹಿಡಿದ ಬೆರಳು ನೋಡಿ ಕೇಳಿದೆ, ಎಣಿಸೋಕೆ ಬರ್ತದಾ?
"ಕಬ್ಬಿನ ಹೊರೆ ಲಾರಿಗೆ ಹತ್ಸೋವಾಗ ನಾನೇ ಎಣ್ಸೋದು.
ಒಂದ್ ತಪ್ಪುದ್ರೆ ಅವ್ವನ ಕೂಲಿ ಹೋಯ್ತದೆ ಸಾ."
ಹದಿನೇಳು, ಹದಿನೆಂಟು. ಬೆಲ್ಲು ಹೊಡೆಯಿತು.
ಪಕ್ಕದ ಕ್ಲಾಸು ಕಟ್ಟೆಯೊಡೆದು ವರಾಂಡಕ್ಕೆ ನುಗ್ಗಿತು.
ಹತ್ತೊಂಬತ್ತರಲ್ಲಿ ನನ್ನ ಲೆಕ್ಕ ಕಳೆದೇ ಹೋಯಿತು.
ಅವಳ ತುಟಿ ಮಾತ್ರ ಅಲುಗುತ್ತಿತ್ತು.
"ನಲವತ್ತೆರಡು," ಅಂದಳು.
ಬಿಚ್ಚಿ ಎಣಿಸಿದೆ. ನಲವತ್ತೆರಡು.

ಆಮೇಲೆ ಎಲ್ಲರಿಗೂ ಒಂದು ಫಾರಂ:
ಮುಂದೆ ಏನಾಗಬಯಸುವಿರಿ?
ಡಾಕ್ಟರು, ಇಂಜಿನಿಯರು, ಪೊಲೀಸು, ನರ್ಸು,
ಚೌಕಗಳ ಸಾಲು ಇಳಿದು ಕಟ್ಟಕಡೆಗೆ
'ಇತರೆ', ಅದರ ಮುಂದೆ ಎರಡಂಗುಲ ಗೆರೆ.
"ಸಾ, ನಿಮ್ದು ಇದ್ರಲ್ಲಿ ಎಲ್ಲೈತೆ?"
ಕನ್ನಡಕ ಹಾಕಿ ಹುಡುಕಿದೆ, ಮೇಲಿಂದ ಕೆಳಕ್ಕೆ,
ಮತ್ತೆ ಕೆಳಗಿಂದ ಮೇಲಕ್ಕೆ.
"ಇತರೆಗೆ ಟಿಕ್ ಹಾಕಮ್ಮ," ಅಂದರು ಹೆಡ್ಮೇಷ್ಟ್ರು.
"ನಾನೇನ್ ವೈಂಡಿಂಗ್ ಬರೀತಿಲ್ಲ ಸಾ,
ಕೇಳ್ದೆ ಅಷ್ಟೆ," ಅಂದಳು.
ಫಾರಂ ಮಡಚಿ ಪುಸ್ತಕದೊಳಗಿಟ್ಟಳು, ಖಾಲಿಯೇ.

ಹೊರಡುವಾಗ ಗೌರವಧನ, ಮುನ್ನೂರು ರೂಪಾಯಿ.
ರಸೀದಿಯಲ್ಲಿ ಹೆಸರು, ಸಹಿ, ಹುದ್ದೆ.
ಮೇಲಿನ ಸಾಲಲ್ಲಿ ಬ್ಯಾಂಕಿನವರ ಹುದ್ದೆ
ಇಂಗ್ಲಿಷಲ್ಲಿ, ಕಾಲಮ್ಮು ದಾಟಿ ಪಕ್ಕಕ್ಕೆ ಹರಿದಿತ್ತು.
ನನ್ನ ಪೆನ್ನು ತುಸು ಹೊತ್ತು ನಿಂತಿತು,
ಆಗ ಉತ್ತರ ಬಾರದೆ ನಿಲ್ಲುತ್ತಿದ್ದ ಹಾಗೇ.
ಕೊನೆಗೆ ದುಂಡಗೆ ಬರೆದೆ: ಸುತ್ತುವವನು.

ಹೆಡ್ಮೇಷ್ಟ್ರು ಓದಿ, ಕನ್ನಡಕದ ಮೇಲಿಂದ ನೋಡಿ
ನಕ್ಕರು: "ಬೆಲ್ಲು ಹೊಡೆದರೂ ಒಳಗೆ ಬರದೆ
ಆಗಲೂ ನೀನು ಮಾಡ್ತಿದ್ದದ್ದು ಅದೇ ಅಲ್ವೇನೋ?"